ಬೆನ್ನು, ಕತ್ತಿನ ಒಳಸ್ನಾಯುಗಳ ಹೆಸರು ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ಫಿಸಿಯೋಥೆರಪಿ ಮೊದಲ ವರ್ಷ, ಬೆನ್ನಿನ ಒಳಸ್ನಾಯುಗಳನ್ನು ಎಷ್ಟು ಸಲ ಬಾಯಿಪಾಠ ಮಾಡಿದರೂ ವಾರದಲ್ಲಿ ಮರೆತುಹೋಗುತ್ತದೆ ಅಂತ ಬರೆದಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಇದೇ ಕೆಲಸ ಮಾಡುವವನು. ನನ್ನ ಕಥೆಯೂ ಅದೇ ಆಗಿತ್ತು. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಎಲ್ಲ ಹೆಸರನ್ನೂ ಗಿಣಿಯ ಹಾಗೆ ಒಪ್ಪಿಸಿದೆ. "ಸರಿ, ಮಲ್ಟಿಫಿಡಸ್ ಎಲ್ಲಿದೆ ತೋರಿಸಪ್ಪ" ಅಂದರು ಪರೀಕ್ಷಕರು. ಚಿಮುಟ ಹಿಡಿದ ಕೈ ಗಾಳಿಯಲ್ಲೇ ನಿಂತಿತು.

ಅದು ನಿಜವಾಗಿ ಅರ್ಥವಾಗಿದ್ದು ಮಟನ್ ಅಂಗಡಿಯಲ್ಲಿ. ನೀವು ಮಾಂಸ ತಿನ್ನುವವರಲ್ಲದಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಚಾಪ್ಸ್ ಕತ್ತರಿಸಿದಾಗ ಮೂಳೆಯ ಪಕ್ಕ ದುಂಡಗೆ, ಮೆತ್ತಗೆ ಒಂದು ತುಂಡು ಕಾಣುತ್ತದಲ್ವಾ? ಅದೇ ಲಾಂಜಿಸಿಮಸ್ ಸ್ನಾಯು. ಅದಕ್ಕೂ ನಡುಬೆನ್ನಿನ ಚೂಪು ಮೂಳೆಗೂ ಮಧ್ಯದ ಸಂದಿಯಲ್ಲಿ ಮೂಳೆಗೇ ಅಂಟಿಕೊಂಡಿರುವ ಸಣ್ಣ ತುಂಡು ಮಲ್ಟಿಫಿಡಸ್. ಕತ್ತಿನ ಭಾಗ ತಂದರೆ ಹಳದಿ ಬಣ್ಣದ ದಪ್ಪ ಪಟ್ಟಿಯೊಂದು ಸಿಗುತ್ತದೆ. ಎಷ್ಟು ವಿಷಲ್ ಕೂಗಿಸಿದರೂ ಬೇಯುವುದಿಲ್ಲ. ಅದು ನ್ಯೂಕಲ್ ಲಿಗಮೆಂಟ್ (ಲಿಗಮೆಂಟ್ ಅಂದರೆ ಮೂಳೆ ಮೂಳೆಯನ್ನು ಕಟ್ಟುವ ಪಟ್ಟಿ), ತಲೆ ತಗ್ಗಿಸಿ ಮೇಯುವ ಕುರಿಗೆ ರಬ್ಬರ್ ಪಟ್ಟಿ ಇದ್ದ ಹಾಗೆ. ನಮ್ಮಲ್ಲಿ ಅದು ತೆಳು. ಹಾಗಾಗಿ ನಾಲ್ಕೈದು ಕೆ.ಜಿ. ತೂಕದ ತಲೆಯನ್ನು ಹಿಡಿದಿಡುವ ಕೆಲಸ ಜಾಸ್ತಿ ಸ್ನಾಯುಗಳ ಮೇಲೇ ಬೀಳುತ್ತದೆ.

ಮೊದಲು ಒಳಗಿನವರು ಯಾರು ಅಂತ ಗೊತ್ತಾಗಬೇಕು. ಟ್ರಪೀಜಿಯಸ್, ಲ್ಯಾಟಿಸಿಮಸ್ ಇವೆಲ್ಲ ಬೆನ್ನಿನ ಮೇಲೆ ಹರಡಿದ್ದರೂ ಬೆನ್ನಿನವಲ್ಲ, ಕೈ ಮತ್ತು ಹೆಗಲಿನ ಕೆಲಸದವು. ಬಾಡಿಗೆಗೆ ಇದ್ದಾವೆ ಅಂದುಕೊಳ್ಳಿ. ಗುರುತು ನರದಲ್ಲಿದೆ. ಬೆನ್ನುಹುರಿಯ ಪ್ರತಿ ನರವೂ ಹೊರಗೆ ಬಂದ ಕೂಡಲೇ ಮುಂದೊಂದು, ಹಿಂದೊಂದು ಕವಲಾಗುತ್ತದೆ. ಹಿಂದಿನ ಕವಲಿನಿಂದ ನರ ಪಡೆಯುವುದು ಬೆನ್ನಿನ ಸ್ವಂತ ಸ್ನಾಯು.

ಆಮೇಲೆ ಹೆಸರು ಬಿಟ್ಟು ಎಳೆಯ ದಿಕ್ಕು ನೋಡಿ. ಇರೆಕ್ಟರ್ ಸ್ಪೈನೀ ಉದ್ದುದ್ದ ಹೋಗುವ ಮೂರು ಕಂಬ. ಹೊರಗಿನಿಂದ ಒಳಕ್ಕೆ ಇಲಿಯೋಕೋಸ್ಟಾಲಿಸ್, ಲಾಂಜಿಸಿಮಸ್, ಸ್ಪೈನಾಲಿಸ್. ಅದರ ಅಡಿಯ ಗುಂಪು ಬೆನ್ನುಮೂಳೆಯ ಒಂದು ಮಣಿಯ (ವರ್ಟಿಬ್ರಾ) ಪಕ್ಕದ ಕೊಂಬಿನಿಂದ ಹೊರಟು, ಓರೆಯಾಗಿ ಮೇಲೇರಿ, ಮೇಲಿನ ಮಣಿಯ ನಡುಮುಳ್ಳಿಗೆ ಸೇರುತ್ತದೆ. ಎರಡೂ ಕಡೆ ಸೇರಿಸಿ ನೋಡಿದರೆ ನಮ್ಮ ಹಂಚಿನ ಮನೆಯ ಮಾಡಿನ ಹಾಗೆ. ಇದರಲ್ಲಿ ಒಳಕ್ಕೆ ಹೋದಷ್ಟೂ ನೆಗೆತ ಚಿಕ್ಕದು. ಸೆಮಿಸ್ಪೈನಾಲಿಸ್ 4ರಿಂದ 6 ಮಣಿ ದಾಟುತ್ತದೆ, ಮಲ್ಟಿಫಿಡಸ್ 2ರಿಂದ 4, ರೊಟೇಟರ್‌ಗಳು ಒಂದೋ ಎರಡೋ. ಸೊಂಟದಲ್ಲಿ ಸೆಮಿಸ್ಪೈನಾಲಿಸ್ ಇಲ್ಲವೇ ಇಲ್ಲ, ಅಲ್ಲಿ ಮಲ್ಟಿಫಿಡಸ್‌ದೇ ದರ್ಬಾರು.

ಕತ್ತಿನ ಸ್ಪ್ಲೀನಿಯಸ್ ಮಾತ್ರ ಉಲ್ಟಾ. ನಡುವಿನಿಂದ ಹೊರಟು ಕಿವಿಯ ಹಿಂದಿನ ಕಡೆಗೆ ಹೋಗುತ್ತದೆ, ಮಾಡನ್ನು ಬೋರಲು ಹಾಕಿದ ಹಾಗೆ. ಅದಕ್ಕೇ ಬಲಗಡೆಯದು ಎಳೆದರೆ ಮುಖ ಬಲಕ್ಕೇ ತಿರುಗುತ್ತದೆ. ಒಳಗಿನ ಓರೆ ಗುಂಪಿನಲ್ಲಿ ಬಲಗಡೆಯದು ಎಳೆದರೆ ಮೈ ಎಡಕ್ಕೆ. ದಿಕ್ಕು ಗೊತ್ತಿದ್ದರೆ ಇದನ್ನು ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

ಎಲ್ಲಕ್ಕಿಂತ ಒಳಗೆ, ಬುರುಡೆಯ ಬುಡದಲ್ಲಿ, ಒಂದೊಂದು ಕಡೆ ನಾಲ್ಕು ಪುಟ್ಟ ಸಬ್‌ಆಕ್ಸಿಪಿಟಲ್ ಸ್ನಾಯುಗಳಿವೆ. ನನಗೆ ಇವುಗಳ ಮೇಲೆ ಸ್ವಲ್ಪ ಮೋಹ. ಎರಡು ಹೆಬ್ಬೆರಳನ್ನು ಅಲ್ಲಿ ಒತ್ತಿ, ಕಣ್ಣು ಮುಚ್ಚಿ, ತಲೆ ಅಲುಗಿಸದೆ ಬರೀ ಕಣ್ಣುಗುಡ್ಡೆ ಎಡಕ್ಕೂ ಬಲಕ್ಕೂ ಹೊರಳಿಸಿ. ಬೆರಳಿನಡಿ ಏನೋ ಮಿಸುಕಿದ್ದು ಎಷ್ಟೋ ಜನರಿಗೆ ತಿಳಿಯುತ್ತದೆ. ಶಕ್ತಿ ಹಾಕುವುದಕ್ಕಿಂತ ಸುಳಿವು ಕೊಡುವ ಕೆಲಸ ಇವುಗಳದ್ದು. ತಲೆ ಎತ್ತ ಇದೆ ಅಂತ ಮಿದುಳಿಗೆ ಹೇಳುವ ಸ್ಪಿಂಡಲ್‌ಗಳು (ಸ್ನಾಯುವಿನ ಎಳೆತ ಗುರುತಿಸುವ ಪುಟ್ಟ ಅಂಗಗಳು) ಇಲ್ಲಿ ತುಂಬ ದಟ್ಟವಾಗಿವೆ.

ಕಾಳುಮೆಣಸಿನ ಕೊಯ್ಲಿನ ಸಮಯದಲ್ಲಿ ನನ್ನ ಹತ್ತಿರ ಬರುವವರಲ್ಲಿ ಮರ ಹತ್ತುವವರಿಗಿಂತ ಕೆಳಗೆ ಏಣಿ ಹಿಡಿದು ದಿನವಿಡೀ ಮೇಲೆ ನೋಡುತ್ತಾ ನಿಲ್ಲುವವರೇ ಜಾಸ್ತಿ. "ಹಿಂದಲೆಯಿಂದ ಕಣ್ಣಿನ ತನಕ ಎಳೀತದೆ ಸಾ" ಅನ್ನುತ್ತಾರೆ. ಆ ಪುಟ್ಟ ಸಬ್‌ಆಕ್ಸಿಪಿಟಲ್ ಸ್ನಾಯುಗಳು ಅಷ್ಟು ಹೊತ್ತು ಬಿಗಿದುಕೊಂಡೇ ಇರುತ್ತವೆ. ಹಿಂದಲೆಯ ಚರ್ಮಕ್ಕೆ ಹೋಗುವ ಗ್ರೇಟರ್ ಆಕ್ಸಿಪಿಟಲ್ ನರ ಅವುಗಳಲ್ಲಿ ಒಂದರ ಕೆಳಅಂಚನ್ನು ಬಳಸಿ, ಸೆಮಿಸ್ಪೈನಾಲಿಸ್ ಅನ್ನು ತೂರಿಕೊಂಡು ಮೇಲೆ ಹೋಗುತ್ತದೆ. ಎಲ್ಲ ಹಿಂದಲೆ ನೋವಿಗೂ ಇದೇ ಕಾರಣ ಅಂತಲ್ಲ. ಆದರೆ ದಾರಿ ಗೊತ್ತಿದ್ದರೆ ಎಲ್ಲಿ ಬೆರಳಿಡಬೇಕು ಅಂತ ತಿಳಿಯುತ್ತದೆ.

ಸೊಂಟಕ್ಕೂ ಒಂದು ಪರೀಕ್ಷೆ ಇದೆ. ಎರಡು ಕೈ ನಡುಬೆನ್ನಿನ ಅಕ್ಕಪಕ್ಕ ಇಟ್ಟು ಮೆಲ್ಲಗೆ ಬಗ್ಗಿ. ಮೊದಲು ಇರೆಕ್ಟರ್ ಸ್ಪೈನೀ ಕಂಬಗಳು ಗಟ್ಟಿಯಾಗುತ್ತವೆ. ಪೂರ್ತಿ ಬಗ್ಗಿದ ಮೇಲೆ ಮೆತ್ತಗಾಗಿಬಿಡುತ್ತವೆ! ಆಗ ಭಾರ ಹೊರುವುದು ಹೆಚ್ಚಾಗಿ ಲಿಗಮೆಂಟ್‌ಗಳು. ಹಾಗೆ ಬಗ್ಗಿದಲ್ಲಿಂದಲೇ 50 ಕೆ.ಜಿ. ಕಾಫಿ ಮೂಟೆಯನ್ನು ಜಗ್ಗುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ.

ವೈವಾದಲ್ಲಿ ಬಿಡದೆ ಕೇಳುವ ಒಂದು ಕಿತಾಪತಿ ಪ್ರಶ್ನೆ ಇದೆ. ಆ ನಾಲ್ಕು ಸಬ್‌ಆಕ್ಸಿಪಿಟಲ್‌ಗಳಲ್ಲಿ ಒಂದಕ್ಕೆ ಆಬ್ಲಿಕಸ್ ಕ್ಯಾಪಿಟಿಸ್ ಇನ್ಫೀರಿಯರ್ ಅಂತ ಹೆಸರು, ಕ್ಯಾಪಿಟಿಸ್ ಅಂದರೆ ತಲೆಯ ಅಂತ, ಹೀಗೆ ಹೆಸರಲ್ಲಿ ತಲೆ ಇದೆ, ಆದರೆ ಅದು ತಲೆಬುರುಡೆಯನ್ನು ಮುಟ್ಟುವುದೇ ಇಲ್ಲ. ಎರಡನೇ ಮಣಿಯ ಮುಳ್ಳಿನಿಂದ ಮೊದಲನೇ ಮಣಿಯ ಕೊಂಬಿಗೆ, ಅಲ್ಲಿಗೆ ಮುಗೀತು.