ಒಟಿಟಿ ಚಂದಾ ಅಗ್ಗವಾದ ಮೇಲೆ ಪೈರಸಿ ಕಡಿಮೆ ಆಯ್ತಾ?

ಹಾಡುಗಳ ಮಟ್ಟಿಗೆ ಹೌದು. ಯಾವ ಆ್ಯಪ್‌ನಲ್ಲಿ ಹುಡುಕಿದರೂ ಹೆಚ್ಚುಕಮ್ಮಿ ಎಲ್ಲ ಹಾಡೂ ಸಿಗುತ್ತವೆ, ಕೆಲವು ಆ್ಯಪ್‌ಗಳಲ್ಲಿ ಜಾಹೀರಾತು ಸಹಿಸಿಕೊಂಡರೆ ದುಡ್ಡೂ ಬೇಡ. ಹಾಗಾಗಿ ಪೆನ್‌ಡ್ರೈವ್‌ಗೆ ಎಂಪಿ3 ತುಂಬಿಸಿಕೊಳ್ಳುವವರು ಈಗ ಕಮ್ಮಿ.

ಸಿನಿಮಾ ವಿಷಯ ಬೇರೆ. 2016ರಲ್ಲಿ ಭಾರತಕ್ಕೆ ಬಂದಾಗ ನೆಟ್‌ಫ್ಲಿಕ್ಸ್‌ಗೆ ತಿಂಗಳಿಗೆ ಕನಿಷ್ಠ 500 ರೂಪಾಯಿ ಕೊಡಬೇಕಿತ್ತು. 2019ರಲ್ಲಿ 199ರ ಮೊಬೈಲ್ ಪ್ಲಾನ್ ಬಂತು, 2021ರ ಕೊನೆಗೆ ಅದೇ 149 ಆಯ್ತು. ಒಂದೊಂದಾಗಿ ನೋಡಿದರೆ ಅಗ್ಗವೇ. ಆದರೆ ಒಂದು ಸಿನಿಮಾ ಪ್ರೈಮ್‌ನಲ್ಲಿ, ಇನ್ನೊಂದು ಜೀ5ನಲ್ಲಿ, ಮತ್ತೊಂದು ಸನ್ ನೆಕ್ಸ್ಟ್‌ನಲ್ಲಿ. ಎಲ್ಲಕ್ಕೂ ದುಡ್ಡು ಕಟ್ಟೋದು ಕಷ್ಟ ಅಲ್ವಾ? ನನ್ನ ಪ್ರಕಾರ ಬೆಲೆಗಿಂತ ಇದೇ ದೊಡ್ಡ ತೊಡಕು. ಮೇಲಾಗಿ, ಎಷ್ಟೋ ಕನ್ನಡ ಸಿನಿಮಾಗಳನ್ನು ಒಟಿಟಿಯವರು ಕೊಳ್ಳುವುದೇ ಇಲ್ಲ. ಅಂಥವುಗಳ ಕಳ್ಳಪ್ರತಿಗೆ ಜನ ಸೀದಾ ಟೆಲಿಗ್ರಾಂ ಆ್ಯಪ್ ತಡಕುತ್ತಾರೆ.