'ಕಡಿಮೆ', 'ಸಾಲದು', 'ಕೊರತೆ': ಯಾವುದನ್ನು ಎಲ್ಲಿ ಬಳಸಬೇಕು?

ಮೂರೂ ಒಂದೇ ಅಲ್ಲ. ಸಾರಿಗೆ ಉಪ್ಪು ಕಡಿಮೆ ಅಂದರೆ ಉಪ್ಪು ಇದೆ, ಇರಬೇಕಾದಷ್ಟಿಲ್ಲ. ಮಾತಲ್ಲಿ 'ಕಮ್ಮಿ' ಅಂದರೂ ನಡೆಯುತ್ತದೆ.

'ಸಾಲದು' ಅನ್ನುವಾಗ ಯಾರಿಗೆ, ಯಾತಕ್ಕೆ ಅನ್ನುವ ಲೆಕ್ಕ ಇರುತ್ತದೆ: ಹತ್ತು ಜನಕ್ಕೆ ಈ ಅನ್ನ ಸಾಲದು, ಈ ಸಂಬಳ ಬಾಡಿಗೆಗೇ ಸಾಲಲ್ಲ. ಇದರದ್ದೇ ಇನ್ನೊಂದು ರೂಪ ನನಗೆ ತುಂಬಾ ಇಷ್ಟ, 'ಸಾಲದ್ದಕ್ಕೆ'. ಬಸ್ಸು ತಪ್ಪಿತು, ಸಾಲದ್ದಕ್ಕೆ ಮಳೆ ಬೇರೆ ಬಂತು ಅಂತೀವಲ್ಲ, ಅಲ್ಲಿ ಕೊರತೆಯೇ ಇಲ್ಲ, ಕಷ್ಟ ಜಾಸ್ತಿಯಾಗಿದ್ದನ್ನೇ ಹೀಗೆ ಹೇಳುವುದು!

'ಕೊರತೆ' ನಾಮಪದ: ನೀರಿನ ಕೊರತೆ, ಶಿಕ್ಷಕರ ಕೊರತೆ. 'ಅಭಾವ' ಪತ್ರಿಕೆಗಳಲ್ಲೇ ಜಾಸ್ತಿ, ಮನೆಯಲ್ಲಿ ಯಾರೂ ಸಕ್ಕರೆಯ ಅಭಾವ ಅನ್ನುವುದಿಲ್ಲ, ಸುಮ್ನೆ ಸಕ್ಕರೆ ಖಾಲಿ ಅಂತಾರೆ.

ಒಂದು ಎಚ್ಚರ: 'ಸಾಕಾಗಲಿಲ್ಲ' ಅಂದರೆ ಇನ್ನೂ ಬೇಕು, ಆದರೆ 'ಸಾಕಾಯ್ತು' ಅಂದರೆ ಎಷ್ಟೋ ಸಲ ಸುಸ್ತಾಯ್ತು, ಬೇಸತ್ತೆ ಅಂತ.