ಅಧಿಕಾರ ಹಂಚಿದರೆ ರಾಜ್ಯ ಸಡಿಲ ಆಗುತ್ತದೆಯೇ?

ಅಧಿಕಾರವನ್ನು ಕೆಳಗೆ ಹಂಚುತ್ತ ಹೋದರೆ ಪ್ರಜಾಪ್ರಭುತ್ವ ಗಟ್ಟಿಯಾಗಬಹುದು, ಆದರೆ ಸರ್ಕಾರವೇ ಸಡಿಲ ಆಗುವುದಿಲ್ಲವೇ ಅಂತ ಕೇಳಿದ್ದೀರಿ. ಬೀದರಿನಲ್ಲಿ ದಿನಾ ಮಹಮೂದ್ ಗವಾನನ ಮದರಸಾ ದಾಟಿ ಕೆಲಸಕ್ಕೆ ಹೋಗುವವನು ನಾನು. ಬಹಮನಿ ಸುಲ್ತಾನರ ವಜೀರನಾಗಿದ್ದ ಆ ಗವಾನನಿಗೂ ನಿಮ್ಮ ಭಯವೇ ಇತ್ತು.

ಬಹಮನಿ ರಾಜ್ಯದಲ್ಲಿ ಮೊದಲು ನಾಲ್ಕು ತರಫ್, ಅಂದರೆ ಪ್ರಾಂತ, ಇದ್ದವು. ಕೋಟೆ, ದಂಡು, ಕಂದಾಯ ಎಲ್ಲ ಪ್ರಾಂತ ಆಳುವ ತರಫದಾರನ ಮುಷ್ಟಿಯಲ್ಲಿ. ವಜೀರ ಗವಾನ್ ನಾಲ್ಕನ್ನು ಎಂಟು ಮಾಡಿ, ಒಬ್ಬನಿಗೆ ಒಂದೇ ಕೋಟೆ ಎಂದ. 1481ರಲ್ಲಿ ಅವನ ತಲೆ ಹೋಯಿತು, ಮುಂದೆ ರಾಜ್ಯವೂ ಐದು ಹೋಳಾಯಿತು. ಆದರೆ ತರಫದಾರನನ್ನು ಇಳಿಸುವ ಹಕ್ಕು ಅಲ್ಲಿನ ರೈತನಿಗೆ ಎಲ್ಲಿತ್ತು? ಇವತ್ತಿನ ಗ್ರಾಮ ಪಂಚಾಯ್ತಿ ಮೆಂಬರ್ ಸುಮಾರು 400 ಜನಕ್ಕೊಬ್ಬರು. ಅವರ ಕೋಟೆ ಅಂದರೆ ಓಣಿಯ ವೋಟು, ಅಷ್ಟೇ.

ಹೋದ ಬೇಸಿಗೆ ಭಾಲ್ಕಿ ತಾಲೂಕಿನ ನಮ್ಮೂರಲ್ಲಿ ಬೋರಿನ ಮೋಟಾರ್ ಸುಟ್ಟಿತು. ಹೆಣ್ಣುಮಕ್ಕಳು ಖಾಲಿ ಕೊಡ ಹೊತ್ತು ಮೆಂಬರ್ ಅಕ್ಕನ ಮನೆ ಕಟ್ಟೆಗೆ ಹೋಗಿ ಕೂತರು. “ನೀರ್ ಬರೋ ತನಾ ಏಳಂಗಿಲ್ಲ ನೋಡಕ್ಕಾ.” ಮರುದಿನ ಸಂಜೆ ನೀರು ಬಂತು. (ಓಡಾಡಿ ಮೋಟಾರ್ ಕಟ್ಟಿಸಿದ್ದು ಅಕ್ಕನ ಗಂಡ, ಆ ಕತೆ ಬೇರೆ.) ಸರ್ಕಾರ ಅನ್ನೋದು ಇದೆ ಅಂತ ನಮ್ಮೂರಿಗೆ ಗೊತ್ತಾದದ್ದೇ ಆವತ್ತು.

ಅದೇ ಊರಿಗೆ ಬರುವ ರಸ್ತೆ ಜಿಲ್ಲಾ ಪಂಚಾಯ್ತಿಯದು. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ. ಕಚೇರಿ ಇದೆ, ಸಾಹೇಬರಿದ್ದಾರೆ, ಫೈಲೂ ಇದೆ. ಕೊಡ ಹೊತ್ತು ಹೋಗಿ ಕೂರಲು ಒಂದು ಕಟ್ಟೆ ಮಾತ್ರ ಇಲ್ಲ. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರ ಚುನಾವಣೆಯಿಂದ ಬಂದ ಜಿಲ್ಲಾ ಪರಿಷತ್ತಿನ (ಈಗಿನ ಜಿಲ್ಲಾ ಪಂಚಾಯ್ತಿಯ ಹಿಂದಿನ ರೂಪ) ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಇತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ.

ಇನ್ನು ಸಂವಿಧಾನದ 371 ಜೆ ವಿಧಿ. 2012ರ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಕಾಲೇಜು ಸೀಟು, ನೌಕರಿಯಲ್ಲಿ ಮೀಸಲಾತಿ ಬಂತು, ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಬಂತು. ನಮ್ಮ ಮನೆಯಲ್ಲೇ ತಮ್ಮನಿಗೆ ಅದರಿಂದ ನೌಕರಿ ಆಗಿದೆ, ಸುಳ್ಳು ಹೇಳಲಾರೆ. ಆದರೆ ಮಂಡಳಿಯ ಅಧ್ಯಕ್ಷರು ನಮ್ಮ ವೋಟಿನಿಂದ ಬಂದು ಕೂತವರಲ್ಲ, ಬೆಂಗಳೂರಿನಿಂದ ನೇಮಕ ಆದವರು. ದುಡ್ಡು ಕೆಳಗಿಳಿಯಿತು, ಲೆಕ್ಕ ಕೇಳುವ ಬಾಯಿ ಮೇಲೇ ಉಳಿಯಿತು. ಇದು ಪಂಚಾಯ್ತಿಗಿಂತ ತರಫಿಗೇ ಹತ್ತಿರ ಅಂತ ತಮ್ಮನ ಮುಂದೆ ಅಂದೆ. “ಏ ಅಣ್ಣಾ, ನನ್ ಪಗಾರದ ಮ್ಯಾಗ ಕಣ್ಣು ಹಾಕಬ್ಯಾಡ” ಅಂದ.